ಉಪ್ಪಿನ ಉಗ್ರಾಣಿ

ಅಡಿಗೆಮನೆಯಲ್ಲಿ ಎಲ್ಲಕ್ಕಿಂತ ಅಗ್ಗವಾದ ಪದಾರ್ಥ ಯಾವುದೆಂದು ಕೇಳಿದರೆ ಉಪ್ಪು ಎಂದು ಚಿಕ್ಕ ಮಕ್ಕಳೂ ಹೇಳುತ್ತಾರೆ. ದೇಹವೆಂಬ ಮನೆಯಲ್ಲಿ ಅದರ ಬೆಲೆಯೇ ಬೇರೆ. ಅಲ್ಲಿ ಉಪ್ಪು ವ್ಯರ್ಥವಾಗಿ ಹೊರಗೆ ಹೋಗದಂತೆ ನೋಡಿಕೊಳ್ಳುವುದಕ್ಕಾಗಿಯೇ ಒಂದು ಏರ್ಪಾಡು ಇದೆ. ಹಿಂದಿನ ದೊಡ್ಡ ಮನೆತನಗಳಲ್ಲಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಉಗ್ರಾಣಿಯೊಬ್ಬನಿರುತ್ತಿದ್ದನು. ಬರಗಾಲ ಬಂದಾಗ ಅವನ ಬಿಗಿಮುಷ್ಟಿಯೇ ಮನೆಮಂದಿಯನ್ನು ಉಳಿಸುತ್ತಿತ್ತು. ಆದರೆ ಮಳೆ ಬೆಳೆ ಸಮೃದ್ಧವಾದ ಮೇಲೂ ಅವನು ಬರಗಾಲದ ಭಯವನ್ನು ಬಿಡದೆ ಚೀಲದ ಮೇಲೆ ಚೀಲ ಒಟ್ಟುತ್ತಲೇ ಹೋದರೆ ಕೊನೆಗೆ ಉಗ್ರಾಣದ ಗೋಡೆಯೇ ಬಿರುಕು ಬಿಡುತ್ತದೆ. ನಮ್ಮ ದೇಹದಲ್ಲಿ ಉಪ್ಪಿನ ಉಗ್ರಾಣಿಯಾಗಿರುವ ರಸವೊಂದಿದೆ. ಅದರ ಹೆಸರು ಆಲ್ಡೋಸ್ಟಿರೋನ್. ರಕ್ತದ ಏರೊತ್ತಡ ಮತ್ತು ಹೃದಯದ ವೈಫಲ್ಯ ಎಂಬ ಎರಡು ವ್ಯಾಧಿಗಳಲ್ಲಿ ಈ ಉಗ್ರಾಣಿಯ ಪಾತ್ರವೇನು, ಅವನ ಕೈಯನ್ನು ಹಿಡಿದು ನಿಲ್ಲಿಸುವ ಔಷಧಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಈ ವಿಷಯವನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ವೃದ್ಧರಿರುವ ಅನೇಕ ಮನೆಗಳ ಔಷಧದ ಡಬ್ಬಿಯಲ್ಲಿ ಇಂದು ಸ್ಪೈರನೊಲ್ಯಾಕ್ಟೋನ್ ಎಂಬ ಮಾತ್ರೆ ಇರುತ್ತದೆ. ಮನೆಮಂದಿ ಅದನ್ನು ‘ನೀರಿನ ಮಾತ್ರೆ’ ಎಂದು ಕರೆದು ಸುಮ್ಮನಾಗುತ್ತಾರೆ. ಕಾಲಿನ ಬಾವು ಇಳಿದರೆ ಮಾತ್ರೆಯ ಕೆಲಸ ಮುಗಿಯಿತೆಂದು ನಿಲ್ಲಿಸುವವರಿದ್ದಾರೆ. ಬಾವು ಹೆಚ್ಚಾದರೆ ತಾವೇ ಒಂದರ ಬದಲು ಎರಡು ಕೊಡುವವರೂ ಇದ್ದಾರೆ. ವೈದ್ಯರು ಬರೆದುಕೊಟ್ಟ ರಕ್ತಪರೀಕ್ಷೆಯ ಚೀಟಿಯನ್ನು ‘ಈಗ ಆರಾಮಾಗಿದ್ದಾರಲ್ಲ’ ಎಂದು ಮಡಿಸಿಡುವವರಂತೂ ಹೇರಳ. ಇದೇ ಮಾತ್ರೆ ಕ್ರಮವರಿತು ಸೇವಿಸಿದರೆ ಆಯುಷ್ಯವನ್ನು ಹೆಚ್ಚಿಸುತ್ತದೆ. ಕ್ರಮ ತಪ್ಪಿದರೆ ಸದ್ದಿಲ್ಲದೆ ಹೃದಯವನ್ನೇ ನಿಲ್ಲಿಸಬಲ್ಲದು. ಇವೆರಡೂ ವೈದ್ಯಕೀಯ ಚರಿತ್ರೆಯಲ್ಲಿ ದಾಖಲಾದ ಸಂಗತಿಗಳು. ಆದುದರಿಂದ ಕಾರಣವನ್ನು ತಿಳಿದು ನಡೆಯುವುದು ಪ್ರತಿಯೊಂದು ಕುಟುಂಬದ ಕರ್ತವ್ಯ.

ಮೊದಲು ದೇಹದ ವ್ಯವಸ್ಥೆಯನ್ನು ನೋಡೋಣ. ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಕರಗಿರುವ ಉಪ್ಪನ್ನು ಲೆಕ್ಕ ಹಾಕಿದರೆ ಅದು ಒಂದು ಕಿಲೋಗ್ರಾಮಿಗೂ ಮಿಗಿಲಾಗುತ್ತದೆ. ಇಷ್ಟೂ ಹೊರಗೆ ಹೋದರೆ ಮನುಷ್ಯನು ಒಂದು ದಿನವೂ ಬದುಕಲಾರನು. ಆದಕಾರಣ ಸೋಸಿದ ದ್ರವವು ಸಣ್ಣ ಸಣ್ಣ ನಳಿಕೆಗಳಲ್ಲಿ ಹರಿಯುತ್ತಿರುವಾಗಲೇ ಅದರ ಬಹುಪಾಲು ರಕ್ತಕ್ಕೆ ಮರಳುತ್ತದೆ; ಒಂದೂವರೆ ಲೀಟರಿನ ಆಸುಪಾಸಿನಷ್ಟು ಮಾತ್ರ ಮೂತ್ರವಾಗಿ ಉಳಿಯುತ್ತದೆ. ನಳಿಕೆಯ ಕೊನೆಯ ಭಾಗಕ್ಕೆ ಬಂದಾಗ ಇನ್ನೂ ಉಳಿದಿರುವ ಅಲ್ಪಸ್ವಲ್ಪ ಉಪ್ಪನ್ನು ಒಳಗೆ ತೆಗೆದುಕೊಳ್ಳಬೇಕೋ ಹೊರಗೆ ಬಿಡಬೇಕೋ ಎಂಬ ಅಂತಿಮ ತೀರ್ಮಾನ ಆಲ್ಡೋಸ್ಟಿರೋನಿನದು. ಪಾಲು ಅಲ್ಪವೆಂದು ಕಂಡರೂ ದಿನದಿನವೂ ಸೇರುತ್ತ ಹೋದರೆ ಅದೇ ದೊಡ್ಡ ಮೊತ್ತವಾಗುತ್ತದೆ. ಜಮಾಖರ್ಚಿನ ಪುಸ್ತಕ ಬರೆದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ಹೊರಪದರದಲ್ಲಿ ಆಲ್ಡೋಸ್ಟಿರೋನ್ ತಯಾರಾಗುತ್ತದೆ. ರಕ್ತದ ಮೂಲಕ ಬಂದು ನಳಿಕೆಯ ಜೀವಕೋಶಗಳನ್ನು ಹೊಕ್ಕು ಅಲ್ಲಿ ತನಗಾಗಿಯೇ ಇರುವ ಒಂದು ಪೀಠದ ಮೇಲೆ ಕುಳಿತುಕೊಳ್ಳುತ್ತದೆ. ಈ ಪೀಠವನ್ನು ವಿಜ್ಞಾನಿಗಳು ಗ್ರಾಹಕವೆಂದು ಕರೆಯುತ್ತಾರೆ. ರಸವೂ ಪೀಠವೂ ಕೂಡಿ ಜೀವಕೋಶದ ಕೇಂದ್ರಕ್ಕೆ ಹೋಗಿ ಅಪ್ಪಣೆ ಕೊಡುತ್ತವೆ. ಆ ಅಪ್ಪಣೆಯಂತೆ ಸೋಡಿಯಂ ಒಳಬರುವ ದ್ವಾರಗಳು ಹೆಚ್ಚುತ್ತವೆ. ಒಳಬಂದ ಸೋಡಿಯಮ್ಮನ್ನು ರಕ್ತಕ್ಕೆ ತಳ್ಳುವ ಪಂಪುಗಳೂ ಹೆಚ್ಚುತ್ತವೆ. ಉಪ್ಪು ಹೋದಲ್ಲಿಗೆ ನೀರೂ ಹೋಗುತ್ತದೆ. ಹೀಗೆ ರಕ್ತದ ಪ್ರಮಾಣ ಏರುತ್ತದೆ. ಇದಕ್ಕೆ ಪ್ರತಿಯಾಗಿ ಪೊಟ್ಯಾಸಿಯಂ ಎಂಬ ಮತ್ತೊಂದು ಲವಣ ಮೂತ್ರಕ್ಕೆ ಹೊರಟುಹೋಗುತ್ತದೆ. ಸೋಡಿಯಮ್ಮನ್ನು ಒಳಗೆ ಕರೆದು ಪೊಟ್ಯಾಸಿಯಮ್ಮನ್ನು ಹೊರಗೆ ಕಳಿಸುವ ಈ ವಿನಿಮಯವನ್ನು ವಾಚಕರು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಔಷಧದ ಗುಣ ಮತ್ತು ಅಪಾಯ ಎರಡೂ ಇದರಲ್ಲಿಯೇ ಅಡಗಿವೆ.

ಉಗ್ರಾಣಿ ತಾನಾಗಿಯೇ ಕೆಲಸಕ್ಕೆ ತೊಡಗುವುದಿಲ್ಲ. ಅವನಿಗೆ ಕರೆ ಬರಬೇಕು. ಮೂತ್ರಪಿಂಡಕ್ಕೆ ಬರುವ ರಕ್ತ ಕಡಿಮೆಯಾದರೆ ಅದು ರೆನಿನ್ ಎಂಬ ದ್ರವ್ಯವನ್ನು ಬಿಡುಗಡೆ ಮಾಡುತ್ತದೆ. ಸ್ವೀಡನ್ನಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯಲ್ಲಿ ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು 1898ರಲ್ಲಿಯೇ ಮೊಲದ ಮೂತ್ರಪಿಂಡದ ಸಾರವು ರಕ್ತದೊತ್ತಡವನ್ನು ಏರಿಸುವುದನ್ನು ಕಂಡು ಅದಕ್ಕೆ ಈ ಹೆಸರನ್ನು ಕೊಟ್ಟರು. ರೆನಿನ್ನಿನಿಂದ ಆರಂಭವಾದ ಸರಪಳಿಯಲ್ಲಿ ಆಂಜಿಯೊಟೆನ್ಸಿನ್ ಎಂಬ ದ್ರವ್ಯ ಹುಟ್ಟುತ್ತದೆ. ಅದು ರಕ್ತನಾಳಗಳನ್ನು ಬಿಗಿಗೊಳಿಸುವುದಲ್ಲದೆ ಅಡ್ರಿನಲ್ ಗ್ರಂಥಿಗೆ ಆಲ್ಡೋಸ್ಟಿರೋನನ್ನು ಸುರಿಸುವಂತೆ ಸೂಚನೆ ಕೊಡುತ್ತದೆ. ಗಾಯದಿಂದ ರಕ್ತ ಸೋರಿದವನಿಗೆ, ಬಿಸಿಲಿನಲ್ಲಿ ಬೆವರಿ ಬಳಲಿದವನಿಗೆ, ವಾಂತಿಭೇದಿಯಿಂದ ಬತ್ತಿದವನಿಗೆ ಈ ವ್ಯವಸ್ಥೆ ಪ್ರಾಣರಕ್ಷಕವಾಗಿದೆ.

ಆಲ್ಡೋಸ್ಟಿರೋನನ್ನು ಬೇರ್ಪಡಿಸಿ ಗುರುತಿಸಿದ ಕೀರ್ತಿ ಲಂಡನ್ನಿನ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಅವರಿಗೆ ಸಲ್ಲುತ್ತದೆ. ಅವರು ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ ಮೊದಲಾದ ರಸಾಯನಶಾಸ್ತ್ರಜ್ಞರ ಸಹಕಾರದಿಂದ 1953ರಲ್ಲಿ ಇದನ್ನು ಶುದ್ಧ ಹರಳಿನ ರೂಪದಲ್ಲಿ ಪಡೆದರು. ಮೊದಲಿಗೆ ಅವರು ಇಟ್ಟ ಹೆಸರು ಎಲೆಕ್ಟ್ರೊಕಾರ್ಟಿನ್ ಎಂದಿತ್ತು. ಮರುವರ್ಷವೇ, ಅಂದರೆ 1954ರಲ್ಲಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯ ಜೆರೋಮ್ ಕಾನ್ ಅವರು 34 ವರ್ಷದ ಮಹಿಳೆಯೊಬ್ಬರ ವಿಚಿತ್ರ ವ್ಯಾಧಿಯನ್ನು ವಿದ್ವತ್ಸಭೆಯ ಮುಂದಿಟ್ಟರು. ಆಕೆಗೆ ರಕ್ತದೊತ್ತಡ ಏರಿತ್ತು. ಸ್ನಾಯುಗಳು ಶಕ್ತಿ ಕಳೆದುಕೊಂಡಿದ್ದವು. ರಕ್ತದಲ್ಲಿ ಪೊಟ್ಯಾಸಿಯಂ ಬಹಳ ಕುಸಿದಿತ್ತು. ಅಡ್ರಿನಲ್ ಗ್ರಂಥಿಯಲ್ಲಿ ಬೆಳೆದ ಸಣ್ಣ ಗಡ್ಡೆಯೊಂದು ಯಾರ ಕರೆಗೂ ಕಾಯದೆ ಆಲ್ಡೋಸ್ಟಿರೋನನ್ನು ಸುರಿಸುತ್ತಿರಬೇಕೆಂದು ಕಾನ್ ಊಹಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆ ನಡೆದಾಗ ಗಡ್ಡೆ ಸಿಕ್ಕಿತು. ಅದನ್ನು ತೆಗೆದ ಮೇಲೆ ಆಕೆಯ ಆರೋಗ್ಯ ಮರಳಿತು. ರಕ್ತದ ಏರೊತ್ತಡಕ್ಕೆ ಈ ರಸವೂ ಮೂಲಕಾರಣವಾಗಬಲ್ಲದೆಂಬುದು ಇದರಿಂದ ಸಿದ್ಧವಾಯಿತು. ವೈದ್ಯಲೋಕ ಇಂದಿಗೂ ಈ ವ್ಯಾಧಿಯನ್ನು ಕಾನ್ ಅವರ ಹೆಸರಿನಿಂದ ಕರೆಯುತ್ತದೆ.

ಇನ್ನು ಹೃದಯದ ಪ್ರಸ್ತಾಪಕ್ಕೆ ಬರೋಣ. ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಾದ ಅರ್ಥವಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಸಾಗಿಸುವ ಸಾಮರ್ಥ್ಯ ಹೃದಯಕ್ಕೆ ಕುಂದಿದೆ ಎಂದಷ್ಟೇ ಅದರ ಅರ್ಥ. ಹೃದಯಾಘಾತದಿಂದ ಸ್ನಾಯುವಿನ ಒಂದು ಭಾಗ ಸತ್ತಿರಬಹುದು, ಬಹುಕಾಲದ ರಕ್ತದೊತ್ತಡದಿಂದ ಹೃದಯ ಸೋತಿರಬಹುದು, ಕವಾಟಗಳು ಕೆಟ್ಟಿರಬಹುದು. ಕಾರಣ ಯಾವುದೇ ಇರಲಿ, ಮೂತ್ರಪಿಂಡಕ್ಕೆ ತಲುಪುವ ರಕ್ತ ಕಡಿಮೆಯಾಗುತ್ತದೆ. ಇಲ್ಲಿಯೇ ಅನರ್ಥ ಆರಂಭವಾಗುವುದು. ಮೂತ್ರಪಿಂಡಕ್ಕೆ ಹೃದಯದ ಸೋಲು ಕಾಣುವುದಿಲ್ಲ. ‘ರಕ್ತ ಕಡಿಮೆಯಾಗಿದೆ, ಎಲ್ಲೋ ಗಾಯವಾಗಿ ಸೋರುತ್ತಿರಬೇಕು’ ಎಂಬಂತೆ ಅದು ವರ್ತಿಸುತ್ತದೆ. ರೆನಿನ್ ಹೊರಡುತ್ತದೆ, ಆಲ್ಡೋಸ್ಟಿರೋನ್ ಏರುತ್ತದೆ, ಉಪ್ಪು ನೀರು ಎರಡೂ ಉಳಿಯುತ್ತವೆ. ಮೊದಲೇ ದಣಿದ ಎತ್ತಿನ ಬಂಡಿಗೆ ಇನ್ನೂ ನಾಲ್ಕು ಚೀಲ ಹೇರಿದಂತೆ ಹೃದಯಕ್ಕೆ ಭಾರ ಹೆಚ್ಚುತ್ತದೆ. ಎತ್ತು ಮತ್ತಷ್ಟು ನಿಧಾನವಾದಾಗ ಚೀಲಗಳನ್ನು ಇಳಿಸುವ ಬದಲು ಮತ್ತೆ ಹೇರಲಾಗುತ್ತದೆ. ಪಾದಗಳು ಬಾತುಕೊಳ್ಳುತ್ತವೆ, ಮಲಗಿದರೆ ಉಸಿರು ಕಟ್ಟುತ್ತದೆ, ರಾತ್ರಿ ದಿಂಬಿನ ಮೇಲೆ ದಿಂಬು ಇಟ್ಟುಕೊಂಡು ಕುಳಿತೇ ಬೆಳಗು ಮಾಡಬೇಕಾಗುತ್ತದೆ. ಮನೆಯಲ್ಲಿ ಇಂಥ ರೋಗಿಯನ್ನು ಸಲಹಿದವರಿಗೆ ಆ ರಾತ್ರಿಗಳ ದೀರ್ಘತೆ ಗೊತ್ತು.

ಆಲ್ಡೋಸ್ಟಿರೋನಿನ ಉಪದ್ರವ ನೀರು ಕಟ್ಟಿಸುವುದಕ್ಕೇ ಮುಗಿಯುವುದಿಲ್ಲ. ಬಹುಕಾಲ ಅಧಿಕವಾಗಿ ಇದ್ದರೆ ಅದು ಹೃದಯದ ಸ್ನಾಯುವಿನ ನಡುವೆ ನಾರಿನಂಥ ಅಂಗಾಂಶವನ್ನು ಬೆಳೆಸುತ್ತದೆ. ಮೃದುವಾಗಿ ಹಿಗ್ಗಿ ಕುಗ್ಗಬೇಕಾದ ಸ್ನಾಯು ಬಿರುಸಾಗುತ್ತದೆ. ರಕ್ತನಾಳಗಳೂ ಬಿರುಸಾಗುತ್ತವೆ. ಪೊಟ್ಯಾಸಿಯಂ ನಷ್ಟವಾಗುವುದರಿಂದ ಹೃದಯದ ಬಡಿತ ಲಯ ತಪ್ಪುವ ಸಂಭವವೂ ಹೆಚ್ಚುತ್ತದೆ. ಆದ್ದರಿಂದ ಈ ರಸವನ್ನು ತಡೆಯುವ ಔಷಧವನ್ನು ಕೇವಲ ನೀರಿನ ಮಾತ್ರೆಯೆಂದು ಕರೆಯುವುದು ಅದರ ಕೆಲಸದ ಒಂದು ಪಾಲನ್ನು ಮಾತ್ರ ಹೇಳಿದಂತಾಗುತ್ತದೆ.

ಹಾಗಾದರೆ ಔಷಧ ಮಾಡುವುದೇನು? ಅದು ಆಲ್ಡೋಸ್ಟಿರೋನನ್ನು ನಾಶಮಾಡುವುದಿಲ್ಲ. ರಸವು ಕುಳಿತುಕೊಳ್ಳಬೇಕಾದ ಪೀಠದ ಮೇಲೆ ತಾನು ಮೊದಲೇ ಹೋಗಿ ಕುಳಿತುಬಿಡುತ್ತದೆ. ಪೀಠ ಹಿಡಿದರೂ ಅಪ್ಪಣೆ ಕೊಡುವುದಿಲ್ಲ. ಅಧಿಕಾರಿ ಬಂದು ನೋಡಿದರೆ ಕುರ್ಚಿ ಖಾಲಿಯಿಲ್ಲ. ಕುರ್ಚಿಯಲ್ಲಿ ಕುಳಿತವನು ರುಜು ಹಾಕುವುದಿಲ್ಲ. ಕಡತ ಮುಂದೆ ಹೋಗುವುದಿಲ್ಲ. ಪರಿಣಾಮವಾಗಿ ಸೋಡಿಯಮ್ಮಿನ ದ್ವಾರಗಳು ಕಡಿಮೆಯಾಗುತ್ತವೆ, ಉಪ್ಪು ನೀರು ಮೂತ್ರದಲ್ಲಿ ಹೊರಡುತ್ತವೆ, ಪೊಟ್ಯಾಸಿಯಂ ದೇಹದಲ್ಲಿ ಉಳಿಯುತ್ತದೆ. ದ್ವಾರಗಳ ನಿರ್ಮಾಣವೇ ಕುಗ್ಗಬೇಕಾಗಿರುವುದರಿಂದ ಈ ಔಷಧದ ಫಲ ಗಂಟೆಗಳಲ್ಲಿ ಕಾಣುವಂಥದಲ್ಲ; ದಿನಗಳೂ ವಾರಗಳೂ ಬೇಕು. ಎರಡು ದಿನ ನುಂಗಿ ಗುಣ ಕಾಣಲಿಲ್ಲವೆಂದು ಬಿಡುವವರು ಇದನ್ನು ಗಮನಿಸಬೇಕು. ಅಮೆರಿಕದ ಸರ್ಲ್ ಕಂಪೆನಿಯ ಸಂಶೋಧಕರು 1957ರಲ್ಲಿ ಈ ವರ್ಗದ ದ್ರವ್ಯಗಳನ್ನು ಪ್ರಕಟಿಸಿದರು. ಅದರಿಂದ ಬಂದದ್ದೇ ಸ್ಪೈರನೊಲ್ಯಾಕ್ಟೋನ್. ಯಕೃತ್ತಿನ ರೋಗದಿಂದ ಹೊಟ್ಟೆಯಲ್ಲಿ ನೀರು ತುಂಬುವವರಿಗೂ ಇದನ್ನು ಕೊಡುವ ರೂಢಿಯಿದೆ.

ಔಷಧ ಹುಟ್ಟಿದ ನಾಲ್ಕು ದಶಕಗಳವರೆಗೆ ಹೃದಯ ವೈಫಲ್ಯದಲ್ಲಿ ಇದರ ನಿಜವಾದ ಶಕ್ತಿ ಬೆಳಕಿಗೆ ಬಂದಿರಲಿಲ್ಲ. ಆಂಜಿಯೊಟೆನ್ಸಿನ್ ಹುಟ್ಟದಂತೆ ತಡೆಯುವ ಬೇರೆ ಔಷಧಗಳು 1980ರ ದಶಕದಲ್ಲಿ ಬಳಕೆಗೆ ಬಂದವು. ಸರಪಳಿಯ ಮೇಲಿನ ಕೊಂಡಿಯನ್ನೇ ಕತ್ತರಿಸಿದ ಮೇಲೆ ಕೆಳಗಿನ ಆಲ್ಡೋಸ್ಟಿರೋನ್ ತಾನೇ ಅಡಗುತ್ತದೆ ಎಂದು ವೈದ್ಯರು ಭಾವಿಸಿದ್ದರು. ಆದರೆ ಕೆಲವು ತಿಂಗಳು ಕಳೆದಂತೆ ಅನೇಕ ರೋಗಿಗಳಲ್ಲಿ ಅದು ಬೇರೆ ದಾರಿ ಹಿಡಿದು ಮತ್ತೆ ಏರುತ್ತಿತ್ತು. ಇದನ್ನು ಮನಗಂಡ ವೈದ್ಯ ಬರ್ಟ್ರಮ್ ಪಿಟ್ ಮತ್ತು ಅವರ ಸಂಗಡಿಗರು 15 ದೇಶಗಳಲ್ಲಿ ತೀವ್ರ ಹೃದಯ ವೈಫಲ್ಯದ 1663 ರೋಗಿಗಳ ಮೇಲೆ ಪ್ರಯೋಗ ನಡೆಸಿದರು. ಅರ್ಧದಷ್ಟು ಜನರಿಗೆ ಎಂದಿನ ಔಷಧಗಳ ಜೊತೆಗೆ 25 ಮಿಲಿಗ್ರಾಂ ಸ್ಪೈರನೊಲ್ಯಾಕ್ಟೋನ್, ಉಳಿದವರಿಗೆ ಅದರಂತೆಯೇ ಕಾಣುವ ನಿಸ್ಸತ್ತ್ವ ಮಾತ್ರೆ. ಸರಾಸರಿ ಎರಡು ವರ್ಷಗಳಲ್ಲಿ ನಿಸ್ಸತ್ತ್ವ ಮಾತ್ರೆಯ ಗುಂಪಿನಲ್ಲಿ ಶೇಕಡಾ 46 ಮಂದಿ ತೀರಿಕೊಂಡರೆ ಔಷಧ ಪಡೆದವರಲ್ಲಿ ತೀರಿಕೊಂಡವರು ಶೇಕಡಾ 35. ಅಂದರೆ ನೂರು ಮಂದಿಗೆ ಹನ್ನೊಂದು ಜೀವಗಳು ಉಳಿದವು. ಲಾಭ ಇಷ್ಟು ಸ್ಪಷ್ಟವಾದುದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. 1999ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಗ್ಗದ ಹಳೆಯ ಮಾತ್ರೆಯೊಂದು ಹೊಸ ಗೌರವವನ್ನು ಪಡೆಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ. ಮುಂದೆ ನಡೆದದ್ದನ್ನು ನಮ್ಮ ಗೃಹಸ್ಥರು ಅವಶ್ಯವಾಗಿ ತಿಳಿಯಬೇಕು. ಫಲಿತಾಂಶ ಬಂದೊಡನೆ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಈ ಮಾತ್ರೆಯ ಬಳಕೆ ಒಮ್ಮೆಲೇ ಏರಿತು. ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರಿ ಬಂದ ವೃದ್ಧರಲ್ಲಿ 1994ರಲ್ಲಿ ಸಾವಿರಕ್ಕೆ 34ರಂತೆ ಬರೆಯಲಾಗುತ್ತಿದ್ದ ಮಾತ್ರೆಯನ್ನು 2001ರ ಕೊನೆಗೆ ಸಾವಿರಕ್ಕೆ 149ರಂತೆ ಬರೆಯಲಾಯಿತು. ಅದರೊಂದಿಗೆ ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿ ಆಸ್ಪತ್ರೆಗೆ ಸೇರುವವರ ಸಂಖ್ಯೆ ಸಾವಿರಕ್ಕೆ 2.4ರಿಂದ 11ಕ್ಕೆ ಏರಿತು. ಅದರಿಂದ ಸಾಯುವವರ ಸಂಖ್ಯೆ ಸಾವಿರಕ್ಕೆ 0.3ರಿಂದ 2ಕ್ಕೆ ಏರಿತು. 2004ರಲ್ಲಿ ಈ ಅಧ್ಯಯನ ಪ್ರಕಟವಾದಾಗ ವೈದ್ಯಲೋಕ ಬೆಚ್ಚಿತು. ಪ್ರಯೋಗದಲ್ಲಿ ಜೀವ ಉಳಿಸಿದ ಮಾತ್ರೆ ಊರಿನಲ್ಲಿ ಜೀವ ತೆಗೆದದ್ದು ಹೇಗೆ? ಪ್ರಯೋಗಕ್ಕೆ ಸೇರಿಸಿಕೊಳ್ಳುವಾಗ ಮೂತ್ರಪಿಂಡ ತೀರ ಕೆಟ್ಟವರನ್ನು, ಪೊಟ್ಯಾಸಿಯಂ ಮೊದಲೇ ಏರಿದವರನ್ನು ಬಿಟ್ಟಿದ್ದರು. ಸೇರಿದವರ ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದರು. ಊರಿನಲ್ಲಿ ಈ ಎರಡು ಎಚ್ಚರಗಳೂ ಸಡಿಲವಾದವು.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಇದೆ. ಸ್ಕಾಟ್ಲೆಂಡಿನ ಟೇಸೈಡ್ ಪ್ರದೇಶದಲ್ಲಿಯೂ 1999ರ ಅನಂತರ ಇದೇ ಮಾತ್ರೆಯ ಬಳಕೆ ಬಹಳವಾಗಿ ಹೆಚ್ಚಿತು. ಆದರೆ ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರಿದವರ ಸಂಖ್ಯೆ ಅಲ್ಲಿ ಹೆಚ್ಚಲಿಲ್ಲವೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿ ರಕ್ತಪರೀಕ್ಷೆಯೂ ಮಾತ್ರೆಯ ಜೊತೆಜೊತೆಗೇ ಹೆಚ್ಚಿತ್ತು. ಔಷಧ ಒಂದೇ, ರೋಗ ಒಂದೇ. ವ್ಯತ್ಯಾಸ ಮಾಡಿದ್ದು ಎಚ್ಚರಿಕೆ. ಮಡಿಸಿಟ್ಟ ಆ ಚೀಟಿಯ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ರಕ್ತದೊತ್ತಡದ ವಿಷಯದಲ್ಲಿ ಈ ಔಷಧದ ಸ್ಥಾನವನ್ನು ಈಗ ನೋಡೋಣ. ಸಾಮಾನ್ಯ ರಕ್ತದೊತ್ತಡಕ್ಕೆ ಇದು ಮೊದಲ ಔಷಧವಲ್ಲ. ಮೂರು ಬಗೆಯ ಮಾತ್ರೆಗಳನ್ನು ತಕ್ಕ ಪ್ರಮಾಣದಲ್ಲಿ, ತಪ್ಪದೆ ಸೇವಿಸಿದರೂ ಒತ್ತಡ ಇಳಿಯದ ಹಟಮಾರಿ ರೋಗಿಗಳಿರುತ್ತಾರೆ. ಅಂಥವರಿಗೆ ನಾಲ್ಕನೆಯದಾಗಿ ಯಾವುದನ್ನು ಕೊಡಬೇಕೆಂಬ ಪ್ರಶ್ನೆಗೆ ಇಂಗ್ಲೆಂಡಿನ ಬ್ರಯನ್ ವಿಲಿಯಮ್ಸ್ ಮತ್ತು ಸಂಗಡಿಗರ ಪ್ರಯೋಗ 2015ರಲ್ಲಿ ಉತ್ತರ ಕೊಟ್ಟಿತು. 335 ರೋಗಿಗಳಿಗೆ ಸ್ಪೈರನೊಲ್ಯಾಕ್ಟೋನ್, ಬೇರೆ ಎರಡು ಔಷಧಗಳು ಮತ್ತು ನಿಸ್ಸತ್ತ್ವ ಮಾತ್ರೆಯನ್ನು ಸರದಿಯಂತೆ ಕೊಟ್ಟು ಮನೆಯಲ್ಲಿಯೇ ಒತ್ತಡ ಅಳೆಯಿಸಿದರು. ನಿಸ್ಸತ್ತ್ವ ಮಾತ್ರೆಗಿಂತ ಸ್ಪೈರನೊಲ್ಯಾಕ್ಟೋನ್ ಮೇಲಿನ ಅಂಕಿಯನ್ನು 8.7ರಷ್ಟು ಹೆಚ್ಚು ಇಳಿಸಿತು; ಉಳಿದ ಎರಡನ್ನೂ ಸ್ಪಷ್ಟವಾಗಿ ಮೀರಿಸಿತು. ಹಟಮಾರಿ ಒತ್ತಡದ ಹಿಂದೆ ಬಹುಮಟ್ಟಿಗೆ ಉಪ್ಪಿನ ಸಂಗ್ರಹವೇ ಇರುತ್ತದೆಂಬ ಊಹೆಗೆ ಇದು ಬಲ ಕೊಟ್ಟಿತು. ಕಾನ್ ಅವರು ಕಂಡ ವ್ಯಾಧಿ ಅಪರೂಪವೆಂದು ಬಹುಕಾಲ ನಂಬಲಾಗಿತ್ತು. ಹುಡುಕಿ ನೋಡಿದರೆ ರಕ್ತದೊತ್ತಡದ ನೂರು ರೋಗಿಗಳಲ್ಲಿ ಐದರಿಂದ ಹತ್ತು ಮಂದಿಗಾದರೂ ಅದು ಇರುತ್ತದೆಂದು ಈಗ ತಿಳಿದಿದೆ. ಎಳೆಯ ವಯಸ್ಸಿನಲ್ಲಿಯೇ ಒತ್ತಡ ಏರಿದವರು, ಪೊಟ್ಯಾಸಿಯಂ ಕಡಿಮೆಯಿರುವವರು, ಹಲವು ಮಾತ್ರೆಗಳಿಗೂ ಬಗ್ಗದವರು ಆಲ್ಡೋಸ್ಟಿರೋನ್ ಮತ್ತು ರೆನಿನ್ ಪರೀಕ್ಷೆಯ ಬಗ್ಗೆ ತಮ್ಮ ವೈದ್ಯರನ್ನು ಕೇಳುವುದು ಲೇಸು. ಒಂದೇ ಗ್ರಂಥಿಯಲ್ಲಿ ಗಡ್ಡೆಯಿದ್ದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಅವಕಾಶವೂ ಇದೆ.

ಸ್ಪೈರನೊಲ್ಯಾಕ್ಟೋನಿಗೆ ಒಂದು ಕುಂದಿದೆ. ಅದು ಆಲ್ಡೋಸ್ಟಿರೋನಿನ ಪೀಠದ ಜೊತೆಗೆ ಪುರುಷತ್ವದ ರಸದ ಪೀಠವನ್ನೂ ಅಷ್ಟಿಷ್ಟು ಆಕ್ರಮಿಸುತ್ತದೆ. ಇದರಿಂದ ಕೆಲವು ಗಂಡಸರಿಗೆ ಎದೆ ಊದಿಕೊಂಡು ನೋಯುತ್ತದೆ. 1999ರ ಪ್ರಯೋಗದಲ್ಲಿ ಗಂಡಸರಲ್ಲಿ ಶೇಕಡಾ 10 ಮಂದಿಗೆ ಹೀಗಾಯಿತು. ಹೆಂಗಸರಲ್ಲಿ ಮುಟ್ಟಿನ ಕ್ರಮ ಏರುಪೇರಾಗಬಹುದು. ನಮ್ಮ ಹಿರಿಯರು ಸಂಕೋಚದವರು. ಹೆಂಡತಿಗೂ ಮಕ್ಕಳಿಗೂ ಹೇಳಲು ನಾಚಿ ಮಾತ್ರೆಯನ್ನು ಗುಟ್ಟಾಗಿ ಬಿಟ್ಟುಬಿಡುತ್ತಾರೆ. ತಿಂಗಳೊಳಗೆ ಕಾಲು ಬಾತು ಉಸಿರು ಕಟ್ಟಿದಾಗ ಮನೆಮಂದಿಗೆ ಕಾರಣವೇ ಹೊಳೆಯುವುದಿಲ್ಲ. ಇದರಲ್ಲಿ ನಾಚುವಂಥದೇನೂ ಇಲ್ಲ. ಈ ತೊಂದರೆ ಬಹಳ ಕಡಿಮೆಯಿರುವ ಎಪ್ಲೆರಿನೋನ್ ಎಂಬ ಬದಲಿ ಔಷಧವಿದೆ. ಹೃದಯಾಘಾತದ ಅನಂತರ ಹೃದಯ ಬಲಗುಂದಿದ 6632 ರೋಗಿಗಳಲ್ಲಿ ಅದು ಸಾವನ್ನು ತಗ್ಗಿಸಿತೆಂದು 2003ರಲ್ಲಿಯೂ, ಅಲ್ಪ ಲಕ್ಷಣಗಳಿರುವ 2737 ರೋಗಿಗಳಿಗೂ ಉಪಕಾರಿಯೆಂದು 2011ರಲ್ಲಿಯೂ ಸಿದ್ಧವಾಗಿದೆ. ವೈದ್ಯರಿಗೆ ಒಂದು ಮಾತು ಹೇಳಿದರೆ ಮಾತ್ರೆ ಬದಲಾಗುತ್ತದೆ, ರಕ್ಷಣೆ ಮುಂದುವರಿಯುತ್ತದೆ.

ಎಲ್ಲ ಬಗೆಯ ಹೃದಯ ವೈಫಲ್ಯಕ್ಕೂ ಈ ಔಷಧಗಳು ಸಮನಾಗಿ ಫಲಿಸುತ್ತವೆಂದು ತಿಳಿಯಬಾರದು. ಹಿಂಡುವ ಬಲ ಕುಂದಿದ ಹೃದಯಕ್ಕೆ ಇವುಗಳ ಉಪಕಾರ ನಿಸ್ಸಂದೇಹ. ಹಿಂಡುವ ಬಲ ಇದ್ದೂ ಸಡಿಲಗೊಳ್ಳುವ ಗುಣ ಕಳೆದುಕೊಂಡ ಹೃದಯದಲ್ಲಿ ಸ್ಪೈರನೊಲ್ಯಾಕ್ಟೋನಿನ ಪ್ರಯೋಗ 2014ರಲ್ಲಿ ನಿರ್ಣಾಯಕ ಉತ್ತರ ಕೊಡಲಿಲ್ಲ. ಅದೇ ಪೀಠವನ್ನು ಬೇರೆ ರಚನೆಯಿಂದ ತಡೆಯುವ ಫಿನೆರಿನೋನ್ ಎಂಬ ಹೊಸ ಔಷಧವನ್ನು ಇಂಥ ಸುಮಾರು 6000 ರೋಗಿಗಳಲ್ಲಿ ಪರೀಕ್ಷಿಸಿದಾಗ ರೋಗ ಉಲ್ಬಣಿಸುವುದು ಕಡಿಮೆಯಾಯಿತೆಂದು 2024ರಲ್ಲಿ ಪ್ರಕಟವಾಗಿದೆ. ಸಕ್ಕರೆ ರೋಗದಿಂದ ಮೂತ್ರಪಿಂಡ ಕೆಟ್ಟವರಿಗೂ ಅದನ್ನು ಬಳಸುತ್ತಾರೆ. ಯಾರಿಗೆ ಯಾವುದು ಎಂಬುದು ವೈದ್ಯರ ವಿವೇಚನೆಗೆ ಸೇರಿದ್ದು. ನೆರೆಮನೆಯವರ ಚೀಟಿಯನ್ನು ನೋಡಿ ನಿರ್ಧರಿಸುವಂಥದಲ್ಲ.

ಇನ್ನು ಮನೆಯವರು ಪಾಲಿಸಬೇಕಾದ ಕ್ರಮವನ್ನು ಹೇಳಿ ಮುಗಿಸುತ್ತೇನೆ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರ ಒಳಗೆ ಇರುವುದು ಸಹಜ. ಮಾತ್ರೆ ಆರಂಭಿಸುವ ಮೊದಲು ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಆರಂಭಿಸಿದ ಒಂದು ವಾರದ ಸುಮಾರಿಗೆ ಮತ್ತೊಮ್ಮೆ, ತಿಂಗಳಿಗೆ ಮತ್ತೊಮ್ಮೆ, ಅನಂತರ ಕೆಲವು ತಿಂಗಳಿಗೊಮ್ಮೆ ಆಗಬೇಕು. 5.5ನ್ನು ದಾಟಿದರೆ ವೈದ್ಯರು ಪ್ರಮಾಣವನ್ನು ತಗ್ಗಿಸುತ್ತಾರೆ. 6ನ್ನು ದಾಟಿದರೆ ಮಾತ್ರೆಯನ್ನು ನಿಲ್ಲಿಸಿ ಕೂಡಲೇ ಚಿಕಿತ್ಸೆ ಮಾಡಬೇಕಾಗುತ್ತದೆ. ಪೊಟ್ಯಾಸಿಯಂ ಏರಿದ್ದು ಅನೇಕವೇಳೆ ರೋಗಿಗೆ ತಿಳಿಯುವುದೇ ಇಲ್ಲ. ತಿಳಿದರೂ ಕೈಕಾಲು ಸೋಲುವುದು, ನಾಡಿ ನಿಧಾನವಾಗುವುದು, ತಲೆ ಸುತ್ತಿ ಬೀಳುವುದು ಇಂಥ ಲಕ್ಷಣಗಳಿಂದಲೇ. ಇವು ಕಂಡರೆ ಬೆಳಗಾಗಲೆಂದು ಕಾಯಬಾರದು.

ಎಳನೀರನ್ನು ನಾವು ಅಮೃತಸಮಾನವೆಂದು ಭಾವಿಸುತ್ತೇವೆ. ರೋಗಿಯನ್ನು ನೋಡಲು ಬರುವವರು ಕೈಯಲ್ಲಿ ಎಳನೀರು ಹಿಡಿದೇ ಬರುತ್ತಾರೆ. ಆದರೆ ಒಂದು ಎಳನೀರಿನಲ್ಲಿ ಬಾಳೆಹಣ್ಣೊಂದರಷ್ಟು ಅಥವಾ ಅದಕ್ಕೂ ಮಿಗಿಲಾದ ಪೊಟ್ಯಾಸಿಯಂ ಇರುತ್ತದೆ. ಈ ಮಾತ್ರೆ ಸೇವಿಸುವವರ ದೇಹ ಅದನ್ನು ಹೊರಹಾಕಲು ಕಷ್ಟಪಡುತ್ತದೆ. ಮೂತ್ರಪಿಂಡ ದುರ್ಬಲವಾದವರಿಗಂತೂ ದಿನಕ್ಕೆರಡು ಎಳನೀರು ಅಪಾಯಕ್ಕೆ ಆಹ್ವಾನ. ಬಂದವರ ಪ್ರೀತಿಯನ್ನು ಸ್ವೀಕರಿಸಿ ಎಳನೀರನ್ನು ಮನೆಯ ಮಕ್ಕಳಿಗೆ ಕೊಡುವುದು ಒಳ್ಳೆಯದು. ಅಂಗಡಿಗಳಲ್ಲಿ ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪು ಇನ್ನೂ ಮೋಸದ್ದು. ಅದರಲ್ಲಿ ಸೋಡಿಯಮ್ಮಿಗೆ ಬದಲಾಗಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಆರೋಗ್ಯವಂತರಿಗೆ ಅದು ಹಿತವಾದರೂ ಈ ರೋಗಿಗಳು ವೈದ್ಯರನ್ನು ಕೇಳದೆ ಮುಟ್ಟಬಾರದು. ಮಂಡಿನೋವಿಗೆ, ಸೊಂಟನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೊದಲಾದ ಮಾತ್ರೆಗಳು ಮೂತ್ರಪಿಂಡದ ಕೆಲಸವನ್ನು ತಗ್ಗಿಸಿ ಪೊಟ್ಯಾಸಿಯಮ್ಮನ್ನು ಏರಿಸುತ್ತವೆ. ವಾಂತಿ ಭೇದಿಯಾಗಿ ದೇಹ ಬತ್ತಿದ ದಿನ ಈ ಮಾತ್ರೆಯನ್ನು ಕೊಡುವ ಮೊದಲು ವೈದ್ಯರನ್ನು ವಿಚಾರಿಸಲೇಬೇಕು. ಬಸುರಿಯರಿಗೆ ಸ್ಪೈರನೊಲ್ಯಾಕ್ಟೋನ್ ಸಲ್ಲದು.

ಮಾತ್ರೆಯಿದೆಯೆಂದು ನಾಲಗೆಯನ್ನು ಹರಿಯಬಿಡುವುದೂ ತರವಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚೆಗೂ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಬೇಕರಿಯ ತಿಂಡಿ ಇವುಗಳಲ್ಲಿ ಅಡಗಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಉಗ್ರಾಣಿಯ ಕೈ ಹಿಡಿದು ನಿಲ್ಲಿಸಿ ಹಿತ್ತಲ ಬಾಗಿಲಿನಿಂದ ಚೀಲ ತಂದು ಹಾಕಿದರೆ ಫಲವೇನು? ಹೃದಯ ವೈಫಲ್ಯದ ರೋಗಿಯನ್ನು ಪ್ರತಿದಿನ ಬೆಳಿಗ್ಗೆ ಮೂತ್ರವಿಸರ್ಜನೆಯ ಅನಂತರ, ಆಹಾರಕ್ಕೆ ಮೊದಲು ತೂಕ ಮಾಡಿ ಬರೆದಿಡಬೇಕು. ಎರಡು ಮೂರು ದಿನಗಳಲ್ಲಿ ಎರಡು ಕಿಲೋಗ್ರಾಂ ಏರಿದರೆ ಅದು ಕೊಬ್ಬಲ್ಲ, ನೀರು. ಬಾವು ಕಣ್ಣಿಗೆ ಕಾಣುವ ಮೊದಲೇ ತಕ್ಕಡಿ ಅದನ್ನು ಹೇಳುತ್ತದೆ. ಮನೆಯ ಮೊಮ್ಮಕ್ಕಳಿಗೆ ಈ ಲೆಕ್ಕ ಬರೆಯುವ ಕೆಲಸ ಒಪ್ಪಿಸಿದರೆ ಅಜ್ಜನಿಗೂ ಸಂತೋಷ, ಮಕ್ಕಳಿಗೂ ಸಂಸ್ಕಾರ.

ದೇಹದಲ್ಲಿರುವ ಯಾವ ರಸವೂ ದುಷ್ಟವಲ್ಲ, ಯಾವ ಲವಣವೂ ಶತ್ರುವಲ್ಲ. ಆಲ್ಡೋಸ್ಟಿರೋನ್ ಇಲ್ಲದಿದ್ದರೆ ಬದುಕೇ ಇಲ್ಲ. ಅತಿಯಾದರೆ ಬದುಕು ಉಳಿಯುವುದಿಲ್ಲ. ಅದನ್ನು ತಡೆಯುವ ಮಾತ್ರೆಗೂ ಇದೇ ನ್ಯಾಯ ಅನ್ವಯಿಸುತ್ತದೆ. ವೈದ್ಯರು ಮಾತ್ರೆಯನ್ನು ಬರೆಯಬಲ್ಲರು. ಅದನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ರಕ್ತಪರೀಕ್ಷೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸುವುದು, ಅಡಿಗೆಗೆ ಉಪ್ಪನ್ನು ಅಳೆದು ಹಾಕುವುದು ಮನೆಯವರ ಕೈಯಲ್ಲಿದೆ. ನಿಮ್ಮ ಮನೆಯ ಔಷಧದ ಡಬ್ಬಿಯಲ್ಲಿ ಈ ಮಾತ್ರೆಯಿದ್ದರೆ ಕಳೆದ ರಕ್ತಪರೀಕ್ಷೆ ಯಾವಾಗ ಆಯಿತೆಂಬುದನ್ನು ಇಂದೇ ನೋಡಿರಿ.